ಬಾಯ್ಕಾಟ್: ಅದು ಒಬ್ಬ ಮನುಷ್ಯನ ಹೆಸರು!

ಅದನ್ನು ಬಾಯ್ಕಾಟ್ ಮಾಡಿ, ಇದನ್ನು ಬಾಯ್ಕಾಟ್ ಮಾಡಿ ಎನ್ನುವ ಫಾರ್ವರ್ಡ್ ನಿಮಗೂ ಬಂದಿರುತ್ತದೆ. ಬಾಯ್ಕಾಟ್ ಎಂಬುವನು ಬಹಿಷ್ಕಾರ ಶುರು ಮಾಡಿದ ಹೋರಾಟಗಾರ ಎಂದು ಕೆಲವರು ತಿಳಿದಿದ್ದಾರೆ. ಅದು ತಪ್ಪು. ಆತ ಬಹಿಷ್ಕಾರ ಹಾಕಿದವನಲ್ಲ, ಹಾಕಿಸಿಕೊಂಡವನು.

ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್ ಹುಟ್ಟಿದ್ದು 1832ರಲ್ಲಿ, ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ. ಸ್ವಲ್ಪ ಕಾಲ ಸೈನ್ಯದಲ್ಲಿದ್ದ. ಜನ ಕ್ಯಾಪ್ಟನ್ ಎನ್ನುತ್ತಿದ್ದರೂ ಸೈನ್ಯದಲ್ಲಿ ಆ ಹುದ್ದೆಗೆ ಏರಿರಲಿಲ್ಲ. ಆಮೇಲೆ ಐರ್ಲೆಂಡಿನ ಮೇಯೋ ಪ್ರಾಂತ್ಯದಲ್ಲಿ ಅರ್ನ್ ಪ್ರಭುವಿನ ಜಮೀನಿಗೆ ಪಾರುಪತ್ಯಗಾರನಾದ. ಗೇಣಿ ವಸೂಲಿ ಅವನ ಕೆಲಸ. ಗೇಣಿ ಎಂದರೇನು ಎಂದು ನಮ್ಮ ಅಜ್ಜಂದಿರಿಗೆ ಬಿಡಿಸಿ ಹೇಳಬೇಕಿರಲಿಲ್ಲ, ಬಿಡಿ.

1880ಕ್ಕೆ ಮುಂಚೆ ಅಲ್ಲಿ ಬೆಳೆ ಕೈಕೊಟ್ಟಿತ್ತು. ರೈತರು ಗೇಣಿಯಲ್ಲಿ ಶೇ. 25 ಇಳಿಸಿ ಎಂದರು, ಪ್ರಭು ಶೇ. 10ಕ್ಕೆ ನಿಂತ. ಬಾಕಿ ಉಳಿಸಿಕೊಂಡವರನ್ನು ಒಕ್ಕಲೆಬ್ಬಿಸಲು ಸೆಪ್ಟೆಂಬರ್‌ನಲ್ಲಿ ಬಾಯ್ಕಾಟ್ ನೋಟಿಸ್ ಕಳಿಸಿದ. ಅದನ್ನು ತಂದವನನ್ನು ಊರಿನ ಹೆಂಗಸರೇ ಓಡಿಸಿದರು. ಒಕ್ಕಲೆಬ್ಬಿಸಿದ ಜಮೀನು ಹಿಡಿಯುವವನ ಜೊತೆ ಯಾರೂ ಮಾತೂ ಆಡಬೇಡಿ ಎಂದು ನಾಯಕ ಪಾರ್ನೆಲ್ ಅದೇ ತಿಂಗಳು ಎನ್ನಿಸ್ ಊರಿನಲ್ಲಿ ಕರೆ ಕೊಟ್ಟಿದ್ದ. ಜನ ಆ ಮದ್ದನ್ನು ಪಾರುಪತ್ಯಗಾರನ ಮೇಲೆಯೇ ಪ್ರಯೋಗಿಸಿದರು.

ಆಳುಗಳು ಕೆಲಸ ಬಿಟ್ಟರು. ಕಮ್ಮಾರ ಕೈಕಟ್ಟಿ ಕೂತ, ಬಟ್ಟೆ ಒಗೆಯುವವಳು ಬರಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ. ಒಂದು ಕಲ್ಲೂ ಎಸೆಯದೆ ಒಬ್ಬ ಮನುಷ್ಯನನ್ನು ಊರೊಳಗೇ ಒಂಟಿ ಮಾಡುವುದೆಂದರೆ ಸಣ್ಣ ಮಾತಲ್ಲ. ಹೊಲದಲ್ಲಿದ್ದ ಆಲೂಗಡ್ಡೆ, ಟರ್ನಿಪ್ ಕೀಳಲು ಬೇರೆ ಪ್ರಾಂತ್ಯಗಳಿಂದ 50 ಜನರನ್ನು ಕರೆಸಬೇಕಾಯಿತು. ಅವರ ಕಾವಲಿಗೆ ಸೈನಿಕರು, ಪೊಲೀಸರು ಸೇರಿ ಸುಮಾರು ಸಾವಿರ ಮಂದಿ! ಬೆಳೆಯ ಬೆಲೆ ಸುಮಾರು 500 ಪೌಂಡ್, ಖರ್ಚು 10,000 ಪೌಂಡ್ ಎಂದು ಅಂದಾಜು. ಅಲ್ಲಿಂದ ಹೊರಡುವಾಗಲೂ ಬಾಡಿಗೆ ಗಾಡಿ ಹೊಡೆಯಲು ಯಾರೂ ಒಪ್ಪಲಿಲ್ಲ, ಸೈನ್ಯದ ಗಾಡಿಯಲ್ಲೇ ಹೋದ. ಡಿಸೆಂಬರ್ 1ಕ್ಕೆ ಐರ್ಲೆಂಡ್ ಬಿಟ್ಟ.

ಅಷ್ಟರಲ್ಲಿ ಅವನ ಹೆಸರು ಕ್ರಿಯಾಪದವಾಗಿತ್ತು. ಈ ಶಿಕ್ಷೆಗೆ ಇಂಗ್ಲಿಷಿನಲ್ಲಿದ್ದ ಪಂಡಿತರ ಪದ ರೈತರ ಬಾಯಿಗೆ ಹತ್ತದು ಎಂದು ಅಲ್ಲಿನ ಪಾದ್ರಿ ಜಾನ್ ಓ'ಮ್ಯಾಲಿ ಈ ಹೆಸರನ್ನೇ ಸೂಚಿಸಿದನಂತೆ. ಅಮೆರಿಕದ ಪತ್ರಕರ್ತ ಜೇಮ್ಸ್ ರೆಡ್‌ಪಾತ್ ಹಾಗೆ ಬರೆದಿದ್ದಾನೆ. ಪತ್ರಿಕೆಗಳು ಹಿಡಿದುಕೊಂಡವು, ಫ್ರೆಂಚ್, ಜರ್ಮನ್ ಭಾಷೆಗಳಿಗೂ ಪದ ಹೋಯಿತು.

ಮರುವರ್ಷ ಅಮೆರಿಕಕ್ಕೆ ಹೋದಾಗ ಪಾಪ, ಬಾಯ್ಕಾಟ್ ಎನ್ನುವುದನ್ನು ಬಿಟ್ಟು ಬರೀ ಕನಿಂಗ್‌ಹ್ಯಾಮ್ ಎಂದು ಹೇಳಿಕೊಂಡ. ಕೊನೆಗೆ ಇಂಗ್ಲೆಂಡಿನ ಸಫೋಕ್‌ನಲ್ಲಿ ಮತ್ತೆ ಪಾರುಪತ್ಯದ ಕೆಲಸವನ್ನೇ ಹಿಡಿದು 1897ರಲ್ಲಿ ತೀರಿಕೊಂಡ. ಬಂಗಾಳ ವಿಭಜನೆಯನ್ನು ವಿರೋಧಿಸಿ ಕಲ್ಕತ್ತಾದ ಟೌನ್‌ಹಾಲಿನಲ್ಲಿ ಸೇರಿದವರು ಬ್ರಿಟಿಷ್ ಸರಕಿಗೆ ಬಾಯ್ಕಾಟ್ ಸಾರಿದ್ದು 1905ರ ಆಗಸ್ಟ್ 7ರಂದು, ಆತ ಸತ್ತು ಎಂಟು ವರ್ಷವಾದ ಮೇಲೆ.