ಚೆನ್ನಮ್ಮನ ಬಾಳು: ನಾಟಕದ ವಸ್ತುವಾಗಿ

ಬೆಳಗಾವಿ ಸಮೀಪದ ಕಾಕತಿಯಲ್ಲಿ 1778ರಲ್ಲಿ ಜನಿಸಿದ ಚೆನ್ನಮ್ಮ ಕಿತ್ತೂರಿನ ದೇಸಾಯಿ ಮಲ್ಲಸರ್ಜನ ಕಿರಿಯ ರಾಣಿ. ಪತಿ 1816ರಲ್ಲಿ ತೀರಿಕೊಂಡನು. ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜನು 1824ರ ಸೆಪ್ಟೆಂಬರಿನಲ್ಲಿ ಸಂತಾನವಿಲ್ಲದೆ ಮಡಿದನು. ನಾಟಕಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ವಸ್ತುವಿನ ಬೀಜ ಇಲ್ಲಿದೆ. ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾನ್ಯಮಾಡಲಿಲ್ಲ. ಬೊಕ್ಕಸಕ್ಕೆ ಮುದ್ರೆ ಬಿದ್ದಿತು. ವಾರಸಿಕೆಯ ವ್ಯಾಜ್ಯ ಆರೇ ವಾರಗಳಲ್ಲಿ ಸಮರವಾಗಿ ಬೆಳೆಯಿತು.

ಅಕ್ಟೋಬರ್ 23ರಂದು ಥ್ಯಾಕರೆ ಹತನಾದನು. ಫಲಾಗಮವನ್ನು ಬಯಸುವ ನಾಟಕಕಾರನು ಅಲ್ಲಿಗೇ ತೆರೆ ಎಳೆಯಬಹುದು. ಆದರೆ ಕಥೆಯ ನಿಜವಾದ ತಿರುವು ಈ ವಿಜಯದಲ್ಲಿಲ್ಲ. ಸೆರೆಸಿಕ್ಕ ಎಲಿಯಟ್ ಮತ್ತು ಸ್ಟೀವನ್‌ಸನ್ನರನ್ನು ಸಂಧಾನದ ನಿರೀಕ್ಷೆಯಿಂದ ಚೆನ್ನಮ್ಮ ಬಿಡುಗಡೆ ಮಾಡಿದಳು. ಅದರ ಬೆನ್ನಿಗೇ, ಡಿಸೆಂಬರಿನ ಮೊದಲ ವಾರದಲ್ಲಿ, ಕೋಟೆ ಕಂಪನಿಯ ವಶವಾಯಿತು. ಅರಿಸ್ಟಾಟಲನು ದುರಂತನಾಯಕನಲ್ಲಿ ಗುರುತಿಸುವ ಪ್ರಮಾದಕ್ಕೆ ಇದು ಸಮೀಪದ್ದು. ದೌರ್ಬಲ್ಯದಿಂದಲ್ಲ, ಔದಾರ್ಯದಿಂದ ಹುಟ್ಟಿದ ಪ್ರಮಾದ.

ಅನಂತರದ ನಾಲ್ಕು ವರ್ಷಗಳು ಬೈಲಹೊಂಗಲದ ಸೆರೆವಾಸ. ಇಲ್ಲಿ ಸಂಘರ್ಷವಿಲ್ಲ, ಸಂವಾದವಿಲ್ಲ; ರಂಗಕ್ಕೆ ಒಗ್ಗದ, ಆದರೆ ಕೈಬಿಟ್ಟರೆ ಪಾತ್ರವೇ ಅಪೂರ್ಣವಾಗುವ ಕಾಲಘಟ್ಟವಿದು. ಚೆನ್ನಮ್ಮ 1829ರ ಫೆಬ್ರವರಿಯಲ್ಲಿ ಅಲ್ಲಿಯೇ ನಿಧನಳಾದಳು. ಅದೇ ದತ್ತುಪುತ್ರನ ಹಕ್ಕಿಗಾಗಿ ಸಂಗೊಳ್ಳಿ ರಾಯಣ್ಣನು ಹೋರಾಟವನ್ನು ಮುಂದುವರಿಸಿದನು.