ರೈತ, ನೇಕಾರ ಎಂದು ಬರೆಸಿದ ಬ್ಯಾರಿಸ್ಟರ್

ಸಂಘದ ಬೆಳ್ಳಿಹಬ್ಬದ ಈ ಸಂದರ್ಭದಲ್ಲಿ ಮಹಾತ್ಮ ಗಾಂಧೀಜಿಯವರ ಜೀವನವನ್ನು ನೆನೆಯೋಣ. ಮನುಷ್ಯನಿಗೆ ಅಂಟಿಸಿದ ಹೆಸರು ಅವನ ನಡತೆಯನ್ನು ಹೇಗೆ ತಿದ್ದುತ್ತದೆ, ಹೇಗೆ ಕೆಡಿಸುತ್ತದೆ ಅನ್ನೋದು ಅದರಲ್ಲಿ ಕಾಣುತ್ತದೆ.

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಹುಟ್ಟಿದ ಅವರು 1891ರಲ್ಲಿ ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆದರು. 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದರೆ, ಅಲ್ಲಿನ ಬಿಳಿಯರಿಗೆ ಭಾರತೀಯರೆಲ್ಲ ಕೂಲಿಗಳೇ. ಇವರು ಕೂಲಿ ಬ್ಯಾರಿಸ್ಟರ್ ಆದರು. ಆ ಮಾತಿಗೆ ಅವರು ಕುಗ್ಗಲಿಲ್ಲ. ಕೂಲಿ ಕೆಲಸ ಕೀಳೆಂದೂ ಎಣಿಸಲಿಲ್ಲ. 1904ರಲ್ಲಿ ಡರ್ಬನ್ ಹತ್ತಿರದ ಫೀನಿಕ್ಸ್‌ನಲ್ಲಿ ಜಮೀನು ಕೊಂಡರು. 1910ರಲ್ಲಿ ಶುರುವಾದ ಟಾಲ್‌ಸ್ಟಾಯ್ ಫಾರಂನಲ್ಲಿ ಗುದ್ದಲಿ ಹಿಡಿದರು, ಚಪ್ಪಲಿ ಹೊಲಿದರು. 1915ರಲ್ಲಿ ಭಾರತಕ್ಕೆ ಮರಳಿ, ಆಶ್ರಮದಲ್ಲಿ ಮಗ್ಗ ಹಾಕಿಸಿ ನೂಲೋದನ್ನೂ ಕಲಿತರು.

1922ರ ಮಾರ್ಚಿಯಲ್ಲಿ ರಾಜದ್ರೋಹದ ಕೇಸಿನಲ್ಲಿ ಕಸುಬೇನೆಂದು ಕೇಳಿದಾಗ ರೈತ ಮತ್ತು ನೇಕಾರ ಎಂದು ಬರೆಸಿದರು. 6 ವರ್ಷದ ಶಿಕ್ಷೆಯಾಯಿತು. ಅದೇ ವರ್ಷ ಲಂಡನ್ನಿನವರು ಬ್ಯಾರಿಸ್ಟರ್ ಪಟ್ಟಿಯಿಂದ ಅವರ ಹೆಸರು ಹೊಡೆದುಹಾಕಿದರು. ಆದರೆ ತಾವೇ ಬರೆಸಿದ ಹೆಸರನ್ನು ಯಾರು ತೆಗೆದಾರು? ಯರವಡಾ ಜೈಲಿನಲ್ಲೂ ರಾಟೆ ತಿರುಗುತ್ತಲೇ ಇತ್ತು.

1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ಸಿಗೆ ಅವರೇ ಅಧ್ಯಕ್ಷರು. ಸದಸ್ಯನಾದವನು ತಿಂಗಳಿಗೆ 2000 ಗಜ ನೂಲು ಕೊಡಬೇಕು, ತಾನು ನೂಲದಿದ್ದರೆ ಬೇರೆಯವರ ನೂಲು ತಂದಾದರೂ ಕೊಡಬೇಕು ಎಂಬ ನಿಯಮಕ್ಕೆ ಅಲ್ಲಿ ಒಪ್ಪಿಗೆಯಾಯಿತು. ಮರುವರ್ಷವೇ ಅದನ್ನು ಸಡಿಲ ಮಾಡಿ, ನೂಲಿನ ಬದಲು 4 ಆಣೆ ಕೊಟ್ಟರೂ ಸಾಕೆಂದರು. ನಿಯಮದಿಂದ ಬಂದ ಹೆಸರು ಬೇಗ ಸಡಿಲವಾಯಿತು. ಮನಸ್ಸಿನಿಂದ ಹೊತ್ತವರು ಮಾತ್ರ ಕೊನೆಯವರೆಗೂ ನೂಲಿದರು. 1948ರ ಜನವರಿ 30ರಂದು ಗುಂಡಿಗೆ ಬಲಿಯಾದರು.

ನನ್ನದೊಂದು ಅನುಭವ ಹೇಳಿಬಿಡ್ತೀನಿ. ಹಿಂದೆ ಎರಡು ವರ್ಷ ಮಳೆ ಕೈಕೊಟ್ಟಾಗ ಸಾಲದ ಕಂತು ಕಟ್ಟಲಾಗದೆ, ಸುಸ್ತಿದಾರರ ಪಟ್ಟಿಯಲ್ಲಿ ನನ್ನ ಹೆಸರೂ ಬೋರ್ಡಿಗೆ ಬಿತ್ತು. ಆಮೇಲೆ ಆ ಬೀದಿಯಲ್ಲೇ ಓಡಾಡಲಿಲ್ಲ. ಹೇಗೂ ಸುಸ್ತಿದಾರನೇ ತಾನೆ ಅಂತ ಕೈಗೆ ಬಂದ ದುಡ್ಡನ್ನೂ ಕಟ್ಟಲಿಲ್ಲ. ಕಡೆಗೆ ಹಿರಿಯ ನಿರ್ದೇಶಕರೊಬ್ಬರು ಮನೆಗೇ ಬಂದು, ನೀನು ನಮ್ಮ ಸದಸ್ಯ ಕಣಯ್ಯಾ ಅಂತ ಕೂರಿಸಿಕೊಂಡು ಕಂತು ಬಿಡಿಸಿಕೊಟ್ಟರು. ಎರಡು ಸುಗ್ಗಿಯಲ್ಲಿ ತೀರಿಸಿದೆ.

ಸಾಲ ವಸೂಲಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೋರ್ಡಿಗೆ ಹೆಸರು ಹಚ್ಚುವ ಮೊದಲು ನಾವು ನಿರ್ದೇಶಕರು ಒಮ್ಮೆ ಅವರ ಮನೆ ಬಾಗಿಲಿಗೆ ಹೋಗಿ ಬರೋಣ.

ಜೈ ಸಹಕಾರ.