ರಾಜ ಒಡೆಯರು ಮತ್ತು ಶ್ರೀರಂಗಪಟ್ಟಣದ ಅಧಿಕಾರ ಪಲ್ಲಟ

1578ರಲ್ಲಿ ಮೈಸೂರಿನ ಆಳ್ವಿಕೆ ವಹಿಸಿಕೊಂಡ ರಾಜ ಒಡೆಯರು ಶ್ರೀರಂಗಪಟ್ಟಣದ ರಾಜಪ್ರತಿನಿಧಿಗೆ ಕಪ್ಪ ಸಲ್ಲಿಸಬೇಕಾಗಿದ್ದ ಸಾಮಂತರಷ್ಟೇ. ಆ ಪ್ರತಿನಿಧಿ ತಿರುಮಲರಾಯ, ವಿಜಯನಗರದ ಎರಡನೆಯ ವೆಂಕಟಪತಿರಾಯನ ಅಣ್ಣನ ಮಗ. ಆದರೆ ಚಿಕ್ಕಪ್ಪನ ಒಲವು ಉತ್ತರಾಧಿಕಾರದ ವಿಷಯದಲ್ಲಿ ತಿರುಮಲನ ತಮ್ಮನಾದ ಶ್ರೀರಂಗನ ಕಡೆಗಿತ್ತು. ಎಂತಲೇ 1610ರಲ್ಲಿ ಒಡೆಯರು ಪಟ್ಟಣವನ್ನು ವಶಪಡಿಸಿಕೊಂಡಾಗ ತಿರುಮಲನಿಗೆ ಸಾಮ್ರಾಟನ ನೆರವು ದೊರೆಯಲಿಲ್ಲ. 1612ರಲ್ಲಿ ಸಾಮ್ರಾಟನೇ ಆ ಸ್ವಾಧೀನವನ್ನು ಮಾನ್ಯಮಾಡಿದನು. ರೋಗಪೀಡಿತನಾದ ತಿರುಮಲನು ತಾನಾಗಿಯೇ ಪಟ್ಟಣವನ್ನು ಒಪ್ಪಿಸಿ ತಲಕಾಡಿಗೆ ತೆರಳಿದನೆಂಬ ಅರಮನೆಯ ವೃತ್ತಾಂತ ಗೆದ್ದವರ ಸಮರ್ಥನೆಯೆಂದೇ ತೋರುತ್ತದೆ. ಅಲಮೇಲಮ್ಮನ ಶಾಪದ ಐತಿಹ್ಯ ಬೇರೆಯದನ್ನೇ ನೆನೆಯುತ್ತದೆ. 1610ರಲ್ಲೇ ಒಡೆಯರು ವಿಜಯನಗರದ ಮಾದರಿಯಲ್ಲಿ ಪಟ್ಟಣದಲ್ಲಿ ನವರಾತ್ರಿ ಉತ್ಸವವನ್ನು ಆರಂಭಿಸಿದರು. ಮೇಲುಕೋಟೆಯ ಚೆಲುವನಾರಾಯಣನಿಗೆ ರಾಜಮುಡಿ ಅರ್ಪಿಸಿದವರೂ ಅವರೇ. ಬೆಳೆದ ಮಕ್ಕಳು ಮೊದಲೇ ಗತಿಸಿದ್ದರಿಂದ 1617ರಲ್ಲಿ ಗದ್ದುಗೆ ಮೊಮ್ಮಗ ಚಾಮರಾಜನಿಗೆ ಸಂದಿತು.